ಬೆವನ್ ಹೆಸರಿನ ಕಲ್ಲು

ಕಿರಂಗೂರು
18-2-1996

ಗೆಳೆಯ ಶಿವಲಿಂಗಯ್ಯನಿಗೆ ನಮಸ್ಕಾರ.

ನಿನ್ನ ಕಾಗದ ಬಂದು ತಿಂಗಳಾಯ್ತು. ಮೂವತ್ತು ವರ್ಷ ಊರವರ ಕಾಗದ ಹಂಚಿದ ಪೋಸ್ಟ್‌ಮ್ಯಾನು ತನಗೆ ಬಂದ ಕಾಗದಕ್ಕೇ ಉತ್ತರ ಬರೀಲಿಲ್ಲ ಅಂತ ಬೈಕೊಂಡಿರ್ತೀಯ. ಬಯ್ಯಿ. ಮನಸ್ಸು ಹೇಸಿಹೋಗಿತ್ತು ಕಣ್ಲಾ, ಪೆನ್ನು ಹಿಡಿಯೋಕೆ ಆಗ್ಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಒಬ್ಬ ಬಿಳಿ ಹೆಂಗಸು ಬಂದಿದ್ದಳು. 'ಕಿರಂಗೂರಿನ ಹಳೇ ಪೋಸ್ಟ್‌ಮ್ಯಾನ್ ಕೇಳಿ' ಅಂತ ಪಟ್ಟಣದಲ್ಲಿ ಯಾರೋ ಕಳಿಸಿದ್ದರಂತೆ. ಬೆವನ್ ಅಂತ ಅವಳ ಹೆಸರು. ಪಾಂಡವಪುರದಲ್ಲಿ ಮೇಷ್ಟ್ರಾಗಿರೋ ನನ್ನ ಮಗ ನಾಗಾರ್ಜುನ ಅವತ್ತು ಮನೇಲಿದ್ದ. ಅವಳ ಮಾತನ್ನು ಅವನೇ ಕನ್ನಡ ಮಾಡಿ ಹೇಳಿದ. ಇಂಗ್ಲೆಂಡಿನ ಮಗ್ಗುಲಲ್ಲಿ ವೇಲ್ಸ್ ಅಂತ ಒಂದು ನಾಡಂತೆ. ಅವಳ ಹಿರೀಕರು ಹೊಟ್ಟೆಪಾಡಿಗೆ ಅಲ್ಲಿಂದ ಗುಳೆ ಎದ್ದು ಕೆನಡಾ ಸೇರಿದರು. ಅವರಲ್ಲೊಬ್ಬ ಬ್ರಿಟಿಷರ ಪಟಾಲಮ್ಮು ಸೇರಿ ಇಲ್ಲಿ ಬಂದು ಸತ್ತ. ಅವನ ಸಮಾಧಿ ಹುಡುಕ್ಕೊಂಡು ಇವಳು ಬಂದಿದ್ದಳು. "ನಮಗೆ ಭಾಷೆ ಮರೆತೇ ಹೋಯ್ತು, ಹೆಸರು ಮಾತ್ರ ಉಳಿದಿದೆ" ಅಂದಳಂತೆ. ಅವರ ಮಾತಲ್ಲಿ 'ಅಬ್ ಇವಾನ್' ಅಂದ್ರೆ ಇವಾನನ ಮಗ. ಅದೇ ಸವೆದು ಬೆವನ್ ಆಯ್ತು.

ಆ ಹೆಸರಿನ ಸಮಾಧಿ ಕಲ್ಲು ನಾನು ನೋಡಿದ್ದೆ, ಹಿಂದಿನ ಬೀದಿ ನಾಗರಾಜು ಹಿತ್ತಲ ಬಚ್ಚಲಲ್ಲಿ. ಹಳೇ ಗೋರಿಯಿಂದ ಕಿತ್ತು ತಂದು ಹಾಸಿಕೊಂಡಿದ್ದ. ಕರಕೊಂಡು ಹೋದೆ. ಅಕ್ಷರದ ತುಂಬ ಸೋಪಿನ ಗಸಿ, ಕೂದಲು, ಕಫ. ಹಲ್ಲುಜ್ಜುತ್ತಾ ನಿಂತಿದ್ದ ನಾಗರಾಜು, "ಸತ್ತೋನ ಹೆಸ್ರು ಯಾರಿಗ್ ಬೇಕು ಬುಡಣ್ಣೋ. ಕಲ್ಲು ಪಸಂದಾಗದೆ, ಜಾರಾಕಿಲ್ಲ" ಅಂತ ನಕ್ಕು ಅದರ ಮೇಲೇ ಉಗಿದ. ಆಯಮ್ಮ ಆ ರೊಚ್ಚೆಯಲ್ಲೇ ಮಂಡಿಯೂರಿ, ಕರವಸ್ತ್ರದಲ್ಲಿ ಒರೆಸಿ, ಒಂದೊಂದೇ ಅಕ್ಷರ ಬೆರಳಲ್ಲಿ ಮುಟ್ಟಿ ಓದಿದಳು. ಅವತ್ತಿಂದ ನಾನು ಆ ಬೀದೀಲಿ ಓಡಾಡೋದನ್ನೇ ಬಿಟ್ಟಿದ್ದೀನಿ.

ಇರಲಿ. ಅಕ್ಕಿಹೆಬ್ಬಾಳಲ್ಲಿ ಹೊಳೆ ನೀರು ಹೆಂಗಿದೆ? ನಿನ್ನ ಮೊಮ್ಮಗಳು ರಂಜಿತ ಪರೀಕ್ಷೇನ ಚೆನ್ನಾಗಿ ಬರೀಲಿ, ಮೇಲುಕೋಟೆ ಚೆಲುವರಾಯ ಅವಳ ಕೈ ಹಿಡೀಲಿ.

ನಿನ್ನ,
ಕುಳ್ಳಯ್ಯ

ಇನ್ನೊಂದು ಮಾತು: ಕಲ್ಲಿನ ಕತೆ ಮುಂದೆ ಮಾಡಿ ನಿನ್ನಿಂದ ಒಂದು ಮುಚ್ಚಿಟ್ಟೆ. ಆಯಮ್ಮ ಹೊರಡೋವಾಗ ನಾಗಾರ್ಜುನ ಅವಳಿಗೆ ತನ್ನ ವಿಳಾಸ ಬರೆದುಕೊಟ್ಟ, ಕೆ. ನಾಗಾರ್ಜುನ ಅಂತ. "ಕೆ ಅಂದ್ರೆ?" ಅಂದಳು. "ಅಪ್ಪನ ಹೆಸರು. ಕೇಶವಮೂರ್ತಿ" ಅಂದುಬಿಟ್ಟ. ಅಷ್ಟು ಇಂಗ್ಲಿಷು ನನಗೂ ಬರ್ತದೆ. ಕುಳ್ಳಯ್ಯ ಅನ್ನೋಕೆ ನಾಚಿಕೆ ಅವನಿಗೆ. ಅವಳು ನನ್ನ ಕಡೆ ತಿರುಗಿ ಕೈಮುಗಿದು, "ಕೇಶವಮೂರ್ತಿ?" ಅಂತ ಕೇಳಿದಳು. ಮಗ ನೆಲ ನೋಡ್ತಾ ನಿಂತಿದ್ದ. ಹೌದು ಅಂತ ತಲೆ ಆಡಿಸಿಬಿಟ್ಟೆ, ಶಿವಲಿಂಗ. ಅವಳು ಅದನ್ನೇ ತನ್ನ ಪುಸ್ತಕದಲ್ಲಿ ಬರಕೊಂಡಳು.