ಪರದೆಯ ಮೇಲಿನ ಹೆಸರು

ಮತ್ತಿಘಟ್ಟ, ಸೋಮವಾರ

ತುಷಾರ ಮಾಸ್ತರರಿಗೆ ನಮಸ್ಕಾರ.

ನಿನ್ನೆ ಶಿರಸಿಯ ತರಗತಿಯಲ್ಲಿ ನೀವು ಕಲಿಸಿದಂತೆ ಮಗಳ ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿದೆ. ನಡುವೆ ಅದು ಬಳಸುವವರ ಹೆಸರು ಕೇಳಿದಾಗ ನನ್ನದರ ಬದಲು ಅವಳದು, ‘ಅಭಿಜ್ಞಾ’ ಎಂದು ಬರೆದುಬಿಟ್ಟೆ. ಅವಳ ಶಾಲೆಯ ಪುಸ್ತಕಗಳಿಗೆಲ್ಲ ಹೆಸರು ಬರೆದ ಕೈ ಇದು. ಮುಂದಿನ ವಾರ ತನ್ನಿ, ಸರಿಮಾಡೋಣ ಎಂದಿರಿ. ಅವಳು ತೀರಿಕೊಂಡು ವರ್ಷವಾಯಿತೆಂದು ನಾನು ನಿಮಗೆ ಹೇಳಿರಲಿಲ್ಲ.

ದಯವಿಟ್ಟು ಹೆಸರನ್ನು ಹಾಗೇ ಬಿಡಿ. ವೈಫೈ ಹಿಡಿಯುತ್ತಿಲ್ಲ, ಅದೊಂದು ನೋಡಿಕೊಡಿ.

ಅವಳು ಹೋದಮೇಲೆ ನಮ್ಮನೆಯವರು ಅವಳ ಹೆಸರೆತ್ತಿದ್ದಿಲ್ಲ. ಇಂದು ಬೆಳಿಗ್ಗೆ ಲ್ಯಾಪ್‌ಟಾಪ್ ಹಚ್ಚಿದಾಗ ಪರದೆಯ ಮೇಲೆ ಅವಳ ಹೆಸರು ಬಂತು; ಅವರು ಪಕ್ಕದಲ್ಲಿ ಬಂದು ಕೂತರು. ನಾನು ಒಳಹೋಗಲು ಕೀಲಿಗಳ ಮೇಲೆ ಬೆರಳಿಟ್ಟೆ.

“ತಡಿಯೆ, ಈಗ್ಲೇ ಪಾಸ್‌ವರ್ಡ್ ಹಾಕಡ,” ಎಂದರು. “ಹೆಸ್ರು ಹೋಗ್ತು.”

ಇಂತಿ ನಿಮ್ಮ ತರಗತಿಯ
ಸುಮಂಗಲಾ ಹೆಗಡೆ