ಕುರ್ಚಿಗೆ ಕಟ್ಟಿದ ಜನರಲ್

ಅಕ್ಟೋಬರ್ 12, ಶನಿವಾರ

ಬುಕಿತ್ ಬಾಟೋಕ್ ಪುರವರಾಧೀಶ್ವರ, ಒಗೆಯದ ಸಾಕ್ಸುಗಳ ಗಂಡ, ಕನ್ನಡ ಸಂಘದ ನಾಟಕಸೇನೆಯ ಪ್ರಧಾನ ಮಿಲಿಟರಿ ಸಲಹೆಗಾರ ಶ್ರೀಮಾನ್ ವಿಭವ್ ಗಿರಿಧರ್ ತನ್ನ ದಿನಚರಿಗೆ ಅಪ್ಪಣೆ ಕೊಡಿಸುವುದೇನೆಂದರೆ — ಇದನ್ನು ಅಮ್ಮನಿಗೆ ತೋರಿಸತಕ್ಕದ್ದಲ್ಲ.

ವಾರಾಂತ್ಯದ ರಜೆಗೆ ಆರ್ಮಿ ಕ್ಯಾಂಪಿನಿಂದ ಬುಕ್ ಔಟ್ ಆಗಿ ಬಂದೆ. ಸಾಕ್ಸ್ ಬಕೆಟ್ಟಿಗೆ, ನಾನು ಸೋಫಾಕ್ಕೆ. ಈ ದೇಶದ ಹುಡುಗರಿಗೆಲ್ಲ ಕಡ್ಡಾಯವಾದ ಸೈನ್ಯಸೇವೆಯಿಂದ ಇಷ್ಟು ಲಾಭ: ಸಂಘದಲ್ಲಿ ಬಂದೂಕು ಮುಟ್ಟಿದವನು ನಾನೊಬ್ಬನೇ. ಆದ್ದರಿಂದ ಸಲಹೆಗಾರ.

ರಾಜ್ಯೋತ್ಸವದ ನಾಟಕ ಜರ್ಮನ್ ಜನರಲ್ ಕ್ರೆಮರ್‌ನ ಜೀವನ. ಇತಿಹಾಸದಲ್ಲಿ ಹುಡುಕಿದರೆ ಸಿಗುವುದಿಲ್ಲ. ಬರೆದು ನಿರ್ದೇಶಿಸುತ್ತಿರುವ ಅಶ್ವತ್ಥನಾರಾಯಣ ಸರ್ ಹುಟ್ಟಿಸಿದ್ದು. ಮೊದಲನೇ ಅಂಕದಲ್ಲಿ ಕೆಡೆಟ್, ಎರಡನೆಯದರಲ್ಲಿ ಎದೆ ತುಂಬ ಪದಕ. ಮೂರನೆಯದರಲ್ಲಿ, ಊರ ಜನ ದಾಟಿ ಓಡುತ್ತಿರುವ ಸೇತುವೆಯನ್ನು ಉಡಾಯಿಸು ಎಂದು ಬರ್ಲಿನ್‌ನಿಂದ ಆದೇಶ. ಒಲ್ಲೆ ಎನ್ನುತ್ತಾನೆ. ಪರದೆ.

ಜನರಲ್ ಯಾರು? ಅಪ್ಪ! ವರ್ಷಗಟ್ಟಲೆ ಸಂಘದ ಪರದೆ ಎಳೆದವನಿಗೆ ಈ ಸಲ ಪಾತ್ರ. ಸಂಘದ ಖಾಯಂ ಹೀರೋ ಸಿಡ್ನಿಗೆ ಶಿಫ್ಟ್ ಆದದ್ದರ ಪುಣ್ಯ. ಪರದೆಯ ಹಗ್ಗ ವಂಶಪಾರಂಪರ್ಯವಾಗಿ ನನಗೆ ಬಂದಿದೆ.

ಅಕ್ಟೋಬರ್ 19, ಶನಿವಾರ

ನಮ್ಮ ಫ್ಲ್ಯಾಟ್ ಬ್ಲಾಕಿನ ಕೆಳಗಿನ ಖಾಲಿ ಜಾಗ, ವಾಯ್ಡ್ ಡೆಕ್‌ನಲ್ಲಿ, ರಿಹರ್ಸಲ್. ಭೀಕರ ಸಮಸ್ಯೆ.

ಆದೇಶ ತರುವ ಮೇಜರ್ ಪಾತ್ರ ಸ್ವತಃ ಸರ್ ಅವರದು. ಮೈಸೂರಿನ ಕಾಲೇಜಿನಲ್ಲಿ ಅಪ್ಪನಿಗೆ ಪಾಠ ಮಾಡಿದವರು. ಮೇಜರ್ ಒಳಗೆ ಕಾಲಿಟ್ಟ ಕೂಡಲೇ ಜನರಲ್ ಕುರ್ಚಿಯಿಂದ ಚಂಗನೆ ಏಳುತ್ತಾನೆ. ಕೈ ಬೇರೆ ಕಟ್ಟುತ್ತಾನೆ.

“ಗಿರಿ, ನೀನು ಜನರಲ್ಲು ಕಣಯ್ಯ. ಕೂತ್ಕೋ.”

“ಹೂಂ ಸರ್. ಸಾರಿ ಸರ್.”

ಮತ್ತೆ ಪ್ರವೇಶ. ಮತ್ತೆ ಎದ್ದ. ಚೆಸ್ ಆಡುತ್ತಿದ್ದ ಚೀನೀ ಅಂಕಲ್ ನನ್ನನ್ನು ಕೇಳಿದರು, “ಬಾಸ್ ಯಾರು? ದಿಸ್ ಒನ್ ಆರ್ ದಟ್ ಒನ್?” ಅದೇ ಡೌಟು ಅಂಕಲ್, ಎಂದೆ.

ಹೊರಡುವಾಗ ಸರ್ ಮೆತ್ತಗೆ ಹೇಳಿದರು, “ಇನ್ನೊಂದ್ ಸಲ ಎದ್ರೆ ಪಾತ್ರ ನಮ್ಮ ಸಂಘದ ಸಂಕೇತ್‌ಗೆ ಕೊಡ್ತೀನಪ್ಪ. ಬೇಜಾರ್ ಮಾಡ್ಕೋಬೇಡ.”

ಲಿಫ್ಟಿನಲ್ಲಿ ಅಪ್ಪ ಕನ್ನಡಿ ನೋಡಿಕೊಂಡು ಮೀಸೆಯ ಜಾಗ ಸವರಿಕೊಂಡ. ಪಾತ್ರಕ್ಕೆಂದು ಮೊನ್ನೆಯೇ ಬೋಳಿಸಿಬಿಟ್ಟಿದ್ದಾನೆ.

ಅಕ್ಟೋಬರ್ 20, ಭಾನುವಾರ

ಊಟದ ಟೇಬಲ್ಲಿನಲ್ಲಿ ಯುದ್ಧಮಂಡಳಿ ಸಭೆ. ಅಮ್ಮ ಮೇಜರ್ ಆಗಿ ಸಾರಿನ ಪಾತ್ರೆ ಹಿಡಿದು ಬಂದಳು. ಅಪ್ಪ ಏಳಲಿಲ್ಲ. “ನಂಗೆ ಮಾತ್ರ ಏಳಲ್ಲ ನೋಡು,” ಅಂದಳು.

ಅಪ್ಪ ನನ್ನನ್ನೇ ಕೇಳಿದ, “ಆರ್ಡರ್ ಕೇಳ್ದೇ ಇದ್ರೆ ನಿಮ್ಮಲ್ಲಿ ಏನೋ ಮಾಡ್ತಾರೆ?”

“ಚಾರ್ಜ್ ಹಾಕ್ತಾರೆ. ಟೋಪಿ, ಬೆಲ್ಟ್ ಬಿಚ್ಚಿಸಿ ಆಫೀಸರ್ ಮುಂದೆ ನಿಲ್ಲಿಸ್ತಾರೆ. ನಮ್ಮ ಕ್ಯಾಂಪಿನ ಕುಶಾಲ್ ಹೋದ ತಿಂಗಳು ಹಂಗೇ ನಿಂತಿದ್ದ.”

“ಬೆಲ್ಟ್ ಯಾಕೆ?”

“ಬೆಲ್ಟ್ ಇಲ್ದಿದ್ರೆ ಸೋಲ್ಜರ್ ಅಲ್ಲ ಅಂತ.”

ಅಪ್ಪ ಕಲೆಸಿದ ಅನ್ನವನ್ನೇ ಮತ್ತೆ ಕಲೆಸತೊಡಗಿದ.

ನವೆಂಬರ್ 2

ಎರಡು ರಿಹರ್ಸಲ್ ದಾಟಿದೆವು! ಏಳಬೇಕೆನಿಸಿದಾಗ ಕುರ್ಚಿಯ ಕೈ ಗಟ್ಟಿಯಾಗಿ ಹಿಡಿಯುತ್ತಾನೆ. ದಂತವೈದ್ಯರ ಮುಂದೆ ಕೂತ ಜನರಲ್. ಆದರೆ ಸ್ಟೇಜಿನ ಮೇಲೆ ಏನಾಗುತ್ತದೋ... ಸಲಹೆಗಾರನ ಬಳಿ ರಹಸ್ಯಾಸ್ತ್ರವಿದೆ. ಪ್ಯಾರಾಕಾರ್ಡ್ ಎಂಬ ಸೇನೆಯ ಗಟ್ಟಿ ಹಗ್ಗ, ಎರಡು ಮಾರು.

ನವೆಂಬರ್ 9, ಶನಿವಾರ

ಮುಗಿಯಿತು. ಬರೆಯಲೇಬೇಕು.

ಮೂರನೇ ಅಂಕ. ಸಂಘದ ಪದ್ಮಜಾ ಆಂಟಿಯವರ ಮನೆಯ ಹಾಲ್‌ನಿಂದ ತಂದ ತೇಗದ ಕುರ್ಚಿ, ಇಬ್ಬರು ಎತ್ತಬೇಕು. ಅಪ್ಪ ಕೂತ. ಬೆಲ್ಟ್ ಸರಿಮಾಡುವ ನೆಪದಲ್ಲಿ ಹಿಂದಿನಿಂದ ಅದರೊಳಗೆ ಹಗ್ಗ ತೂರಿಸಿ ಕುರ್ಚಿಗೆ ಬಿಗಿದೆ. ಅವನಿಗೆ ಹೇಳಲಿಲ್ಲ. ಪರದೆ ಎಳೆದು ತೆರೆದೆ.

ಸರ್ ಬಂದರು. ಜರಿ ಪಟ್ಟಿಯ ಯೂನಿಫಾರ್ಮು, ಅದೇ ಕ್ಲಾಸಿಗೆ ಬರುವ ನಡಿಗೆ. ಅಪ್ಪ ಚಂಗನೆ ಎದ್ದ —

ಏಳಲಾಗಲಿಲ್ಲ. ಅರ್ಧದಲ್ಲೇ ನಿಂತ. ಕೂರುವಂತಿಲ್ಲ, ಏಳುವಂತಿಲ್ಲ. ಮೊದಲನೇ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಸರ್ ಮುಖ ಕೆಂಪು. ನಾನು ಸತ್ತೆ ಅಂದುಕೊಂಡೆ. ಅಪ್ಪನ ಒಂದೇ ಒಂದು ಪಾತ್ರ, ನನ್ನ ಗಂಟಿನಿಂದ ಹಾಳು.

ಅಪ್ಪ ಕೆಳಗೆ ನೋಡಿದ. ನಿಧಾನವಾಗಿ ಬೆಲ್ಟಿನ ಬಕಲ್ ಬಿಚ್ಚಿದ. ನೆಟ್ಟಗೆ ನಿಂತ. ಬೆಲ್ಟು, ಅದಕ್ಕೆ ಸಿಕ್ಕಿಸಿದ್ದ ಪಿಸ್ತೂಲು ಕುರ್ಚಿಯಲ್ಲೇ ಉಳಿದವು. ಟೋಪಿ ತೆಗೆದು ಅವುಗಳ ಪಕ್ಕ ಇಟ್ಟ. ಸರ್ ಎದುರಿಗೆ ಬಂದು, ಕೈ ಕಟ್ಟದೆ, ಅವರ ಕಣ್ಣನ್ನೇ ನೋಡುತ್ತ ಹೇಳಿದ:

“ನಿನ್ನ ಆದೇಶ ಓದಿದೆ, ಮೇಜರ್. ಜನ ದಾಟುತ್ತಿದ್ದಾರೆ. ದಾಟಲಿ.”

ಕಿಸಕ್ಕೆಂದವರು ಸುಮ್ಮನಾದರು. ಅಪ್ಪ ಹಾಗೇ ನಿಂತಿದ್ದ. ಪರದೆ ಬೀಳಲಿಲ್ಲ. ಇನ್ನೂ ಬೀಳಲಿಲ್ಲ. ಆಮೇಲೆ ಚಪ್ಪಾಳೆ ಶುರುವಾಗಿ, ಜನ ಎದ್ದು ನಿಂತು... ಆಗ ಬಿತ್ತು.

ಗ್ರೀನ್ ರೂಮಿನಲ್ಲಿ ಸರ್ ಎಲ್ಲರಿಗೂ ಹೇಳುತ್ತಿದ್ದರು, “ಆ ಬೆಲ್ಟು, ಕೊನೇಲಿ ಆ ಮೌನ, ಅದೆಲ್ಲಾ ಡೈರೆಕ್ಷನ್ ಕಣ್ರೀ.” ಅಪ್ಪ ಅವರ ಕಾಲು ಮುಟ್ಟಿದ. “ಇನ್ ಮೇಲೆ ನಂಗೆ ಎದ್ದು ನಿಂತ್ರೆ ನೋಡು,” ಅಂದರು ಸರ್. ಆಮೇಲೆ ಅಪ್ಪ ನನ್ನ ಕಿವಿ ಹಿಂಡಿದ, ನಗುತ್ತಲೇ. “ಗಂಟು ಯಾರದ್ದು ಅಂತ ಗೊತ್ತು ಕಣೋ, ಕಳ್ಳ.”

ಈಗ ಮನೆಯಲ್ಲಿ ಅಪ್ಪ ಸ್ನಾನಕ್ಕೆ ಹೋಗಿದ್ದಾನೆ. ಒಳಗಿನಿಂದ ಜನರಲ್ ದನಿಯಲ್ಲಿ ಮೇಜರನಿಗೆ ಬೈಯುವುದು ಇಲ್ಲಿಗೂ ಕೇಳುತ್ತಿದೆ.

ಆ ಮೌನದ ಬಗ್ಗೆ ಮಾತ್ರ, ದಿನಚರಿಯೇ, ನಿನಗೊಬ್ಬಳಿಗೇ. ಡೈರೆಕ್ಷನ್ನೂ ಇಲ್ಲ, ಏನೂ ಇಲ್ಲ. ಪರದೆಯ ಹಗ್ಗ ಕೈಯಲ್ಲೇ ಇತ್ತು. ಸ್ಟೇಜು ಮಂಜುಮಂಜಾಗಿ ಕಾಣುತ್ತಿತ್ತು, ಎಳೆಯುವುದು ಮರೆತೇಹೋಯಿತು. ಕಣ್ಣಿಗೆ ಧೂಳು ಬಿದ್ದಿತ್ತು ಅಂತ ಬರೆಯಬಹುದು, ಆದರೆ ಆ ಏರ್‌ಕಾನ್ ಹಾಲಿನಲ್ಲಿ ಧೂಳು ಎಲ್ಲಿಂದ —