ಎದುರು ಕೂತವಳ ಶ್ರುತಿ

ಭಾನುವಾರ, ಬೆಳಿಗ್ಗೆ

ಹೇಳದೆ ಕೇಳದೆ ಅಕ್ಕನ ಮನೆ ಸೇರಿದ ನನ್ನ ಯಜಮಾನರಿಗೆ,

ನಿನ್ನೆ ನಿಮ್ಮಕ್ಕ ಫೋನ್ ಮಾಡಿ ಎಲ್ಲ ಹೇಳಿದರು. ಎಡಗೈ ನಡುಕಕ್ಕೆ ಪರೀಕ್ಷೆ ಮಾಡಿಸಲು ಹೋಗಿದ್ದಿರಂತೆ. ನೀವು ಹೆದರಿದ್ದ ಕಾಯಿಲೆ ಅಲ್ಲವಂತೆ, ಕತ್ತಿನ ಹತ್ತಿರ ನರ ಒತ್ತಿಕೊಂಡಿದೆಯಂತೆ, ವ್ಯಾಯಾಮ ಮಾಡಿದರೆ ಸರಿಹೋಗುತ್ತದಂತೆ. ‘ನಿನಗೆ ಹೇಳಬೇಡ ಅಂದಿದ್ದ ಕಣೇ, ನನ್ನ ಹೊಟ್ಟೇಲಿ ಮಾತು ನಿಲ್ಲಲ್ಲ’ ಅಂದರು. ಅವರ ಹೊಟ್ಟೆ ತಣ್ಣಗಿರಲಿ. ಫೋನ್ ಇಟ್ಟು ಮನಸ್ಸು ಹಗುರಾಗುವಷ್ಟು ಅತ್ತೆ. ಆಮೇಲೆ ನಿಮ್ಮನ್ನು ಬಾಯಿತುಂಬ ಬೈದೆ.

ನಾನು ಏನೆಂದುಕೊಂಡಿದ್ದೆ ಗೊತ್ತೇ? ನಿಮ್ಮ ಹಳೆಯ ಸ್ಟೀಲ್ ಗಿಟಾರಿನ ತಂತಿಯನ್ನೆಲ್ಲ ಬಿಚ್ಚಿ, ಕೇಳುವವರೇ ಇಲ್ಲದ ಮೇಲೆ ಇದ್ಯಾಕೆ, ಯಾರಿಗಾದರೂ ಕೊಟ್ಟುಬಿಡು ಎಂದು ಹೊರಟಿರಿ. ಅದರ ಜೊತೆ ನನ್ನನ್ನೂ ಬಿಟ್ಟಿರಿ ಎಂದುಕೊಂಡೆ.

ಅಳು ಮುಗಿದ ಮೇಲೆ ಕೈ ಸುಮ್ಮನಿರಲಿಲ್ಲ. ಅಂಗಡಿಗೆ ಹೋಗಿ ಹೊಸ ತಂತಿ ತಂದೆ. ತಂತಿ ಬಿಗಿಯುವ ತುಕ್ಕು ಹಿಡಿದ ಬಿರಡೆಗಳಿಗೆ ಹೊಲಿಗೆ ಯಂತ್ರದ ಎಣ್ಣೆ ಬಿಟ್ಟೆ. ನಿಮ್ಮ ಹಾಗೆಯೇ ಗಿಟಾರನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಸಣ್ಣ ತಂತಿ ನನ್ನ ಕಡೆ, ದಪ್ಪದ್ದು ಆಚೆ, ಕಣ್ಣಿಗೆ ಕಟ್ಟಿದಂತೆ ಏರಿಸುತ್ತ ಹೋದೆ. ದಪ್ಪ ತಂತಿ ಆಚೆ ತುದಿಯ ಕಿರಿದಾದ ಕಚ್ಚಿನಲ್ಲಿ ಕೂರಲೊಲ್ಲದು. ಎಳೆದೆ, ಒತ್ತಿದೆ, ಗಿಟಾರಿಗೂ ಬೈದೆ. ಆಗ ಹೊಳೆಯಿತು. ಇಷ್ಟು ವರ್ಷ ನಾನದನ್ನು ನೋಡಿದ್ದು ನಿಮ್ಮ ಎದುರಿನ ಕುರ್ಚಿಯಿಂದ. ನನ್ನ ಕಡೆಗಿದ್ದದ್ದು ನಿಮಗೆ ಆಚೆ. ಒಬ್ಬಳೇ ಕೂತು ನಕ್ಕೆ.

ಎಲ್ಲ ಬಿಚ್ಚಿ ಮತ್ತೆ ಕಟ್ಟಿದೆ. ಶ್ರುತಿ ಮಾತ್ರ ಕಷ್ಟವಾಗಲಿಲ್ಲ. ಕಣ್ಣಿಗೆ ತಿರುಗುಮುರುಗಾದರೂ ಕಿವಿಗೆ ಎಲ್ಲ ನೆಟ್ಟಗೇ ಇತ್ತು. ಹೊಸ ತಂತಿ ಸಡಿಲುತ್ತದೆಂದು ನೀವು ಹೇಳುತ್ತಿದ್ದದ್ದು ನೆನಪಾಗಿ ಇವತ್ತು ಎದ್ದವಳೇ ಇನ್ನೊಮ್ಮೆ ಬಿಗಿದೆ. ಹೆಬ್ಬೆರಳಿನಿಂದ ಎಲ್ಲ ತಂತಿಯನ್ನೂ ಒಟ್ಟಿಗೆ ಸವರಿದರೆ ಮನೆ ತುಂಬಿತು. ನಾನಿದನ್ನು ಯಾರಿಗೂ ಕೊಡುವುದಿಲ್ಲ. ತಂತಿಯ ಮೇಲೆ ನೀವು ಜಾರಿಸುವ ಆ ಉಕ್ಕಿನ ಸರಳನ್ನೂ ಒರೆಸಿಟ್ಟಿದ್ದೇನೆ. ಕೈ ನಡುಗಿದರೆ ನಡುಗಲಿ, ಬನ್ನಿ.

ನೀವು ಕೂಗಿದರೆ ಓಗೊಡುವ,
ಇವಳೇ

ತಾ.ಕ.: ಈಚೆಗೆ ನೀವು ನುಡಿಸಲು ಕೂತಾಗಲೆಲ್ಲ ನಾನು ಒಲೆಯ ಮೇಲೆ ಹಾಲಿದೆ ಎಂದು ಎದ್ದು ಹೋಗುತ್ತಿದ್ದೆ. ನನಗೆ ಬೇಸರ ಬಂದಿದೆ ಎಂದು ಮುನಿಸಿಕೊಂಡಿರಿ. ಒಲೆಯ ಮೇಲೆ ಹಾಲಿರಲಿಲ್ಲ. ಎದುರಿನ ಕುರ್ಚಿಗೆ ನಿಮ್ಮ ಎಡಗೈಲಿದ್ದ ಸರಳಿನ ನಡುಕ ಚೆನ್ನಾಗಿ ಕಾಣುತ್ತಿತ್ತು. ನನಗೆ ಕಂಡಿತೆಂದು ನಿಮಗೆ ಗೊತ್ತಾಗಬಾರದಿತ್ತು, ಅಷ್ಟೇ.